ಹೆಸರು ಹಿಡಿದು ಬೇಡಿದವಳು



ನಮ್ಮ ಅಜ್ಜಿ ಮನಸ್ಸಿನಲ್ಲೇ ಪ್ರಾರ್ಥನೆ ಮಾಡಿಕೊಂಡದ್ದನ್ನು ನಾನು ಕಂಡವಳಲ್ಲ. ನಸುಕಿನ ಪ್ರಾರ್ಥನೆ ಇರಲಿ, ಊಟಕ್ಕೆ ಮುಂಚಿನದಿರಲಿ, ರಾತ್ರಿ ಹಾಸಿಗೆ ಹಾಸಿದ ಮೇಲಿನದಿರಲಿ, ಬಾಯಿಬಿಟ್ಟು, ಪಕ್ಕದ ಕೋಣೆಗೂ ಕೇಳುವಂತೆ ಹೇಳಿಕೊಳ್ಳುತ್ತಿದ್ದಳು. ಮನೆಯ ಹಿರಿಯರೊಬ್ಬರು ಎದುರಿಗೆ ಕೂತಿದ್ದಾರೆ, ಅವರ ಮುಂದೆ ಸುಖದುಃಖ ತೋಡಿಕೊಳ್ಳುತ್ತಿದ್ದಾಳೆ ಅನ್ನಬೇಕು, ಹಾಗೆ. ಚಿಕ್ಕವಳಿದ್ದಾಗ ನಾನೊಮ್ಮೆ ಕೇಳಿದೆ: “ಅಮ್ಮ, ದೇವರಿಗೆ ಕಿವಿ ಮಂದ ಅದಾವೇನು?” ನಮ್ಮ ಕಡೆ ಅಜ್ಜಿಗೆ ಅಮ್ಮ ಅನ್ನುತ್ತೇವೆ, ಹೆತ್ತವಳಿಗೆ ಅವ್ವ. ಅವಳು ಸಿಟ್ಟಿಗೇಳಲಿಲ್ಲ. “ದೇವರ ಕಿವಿ ಚಲೋನ ಅದಾವು ತಂಗಿ. ನನ್ನ ಮನಸ್ಸ ಓಡ್ಯಾಡತೈತಿ. ಒಳಗೊಳಗ ಅಂದ್ರ ಬ್ಯಾಡಾದ್ದನ್ನ ಬಿಟ್ಟು ಮುಂದ ಹೋಗಬಹುದು. ಬಾಯಿಲೆ ಅಂದ್ರ ತಪ್ಪಿಸಿಕೊಳ್ಳಾಕ ಬರೂದಿಲ್ಲ” ಅಂದಳು.

ಅಜ್ಜಿ ಹುಟ್ಟಿದ್ದು 1924ರಲ್ಲಿ, ಗದಗ ಬೆಟಗೇರಿಯಲ್ಲಿ. ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ನಡೆದ ವರ್ಷ ಅದು. ಗದುಗಿನವರೇ ಆದ ಹುಯಿಲಗೋಳ ನಾರಾಯಣರಾಯರ ನಾಡಗೀತೆಯನ್ನು ಆ ಅಧಿವೇಶನದಲ್ಲಿ ಹಾಡಿದ್ದರು. ಅವಳು ತೀರಿಕೊಂಡದ್ದು 2018ರಲ್ಲಿ. ಮುಂಬಯಿ ಪ್ರಾಂತದಲ್ಲಿ ಹುಟ್ಟಿ, ಮೈಸೂರು ರಾಜ್ಯದಲ್ಲಿ ಮಕ್ಕಳನ್ನು ಬೆಳೆಸಿ, ಕರ್ನಾಟಕದಲ್ಲಿ ಮೊಮ್ಮಕ್ಕಳನ್ನು ಆಡಿಸಿ, ಧಾರವಾಡ ಜಿಲ್ಲೆಯಿಂದ ಗದಗ ಜಿಲ್ಲೆ ಬೇರೆಯಾದದ್ದನ್ನೂ ನೋಡಿ ಹೋದ ಜೀವ. ಇಷ್ಟೆಲ್ಲ ಬದಲಾದರೂ ಅವಳು ಮನೆ ಬದಲಿಸಿದ್ದು ಒಂದೇ ಸಲ, ಮದುವೆಯಾದಾಗ. ಅದೂ ಬೆಟಗೇರಿಯೊಳಗೇ, ಒಂದು ಓಣಿಯಿಂದ ಇನ್ನೊಂದಕ್ಕೆ.

ಅವಳ ಭಕ್ತಿಯ ಬೇರು ಎಲ್ಲಿಯದು ಅನ್ನುವುದನ್ನು ಸ್ವಲ್ಪ ಹೇಳಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅಲ್ಲಿಂದ ಘಟ್ಟ ಹತ್ತಿ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಅವರಲ್ಲಿ ಬಹಳ ಮಂದಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಒಕ್ಕಲಿಗರ, ಕಸಬುದಾರರ ಮಕ್ಕಳು. ಬಂದವರು ಮೊದಲು ಕನ್ನಡ ಕಲಿಯಬೇಕಾಗಿತ್ತು. ಅವರಲ್ಲಿ ಕೆಲವರು ಎಷ್ಟು ಕಲಿತರು ಅನ್ನುವುದಕ್ಕೆ 1843ರಲ್ಲಿ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರು ಸಮಾಚಾರ’ ಪತ್ರಿಕೆ ಸಾಕ್ಷಿ, 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ಸಾಕ್ಷಿ. ಆದರೆ ನಮ್ಮ ಮನೆತನ ಕ್ರೈಸ್ತ ಸಭೆಗೆ ಸೇರಿದ್ದಕ್ಕೆ ಪುಸ್ತಕವಾಗಲಿ ಪ್ರಸಂಗವಾಗಲಿ ಕಾರಣವಲ್ಲ. ಹಸಿವು ಕಾರಣ. 1876ರಿಂದ 78ರವರೆಗೆ ನಮ್ಮ ಬಯಲುಸೀಮೆಯನ್ನು ಬರಿದು ಮಾಡಿದ ಧಾತು ಸಂವತ್ಸರದ ಬರದಲ್ಲಿ ಅಜ್ಜಿಯ ಅಜ್ಜಿ ತಂದೆತಾಯಿಯನ್ನು ಕಳಕೊಂಡು, ಯಾರದೋ ಕೈ ಹಿಡಿದು ಮಿಷನ್ನಿನ ಅನಾಥಾಲಯದ ಬಾಗಿಲಿಗೆ ಬಂದಿದ್ದಳು. ಆಗ ಅವಳಿಗೆ ಆರೋ ಏಳೋ ವರ್ಷ. ತನ್ನ ಊರು ಯಾವುದು ಅಂತ ಆ ಕೂಸಿಗೆ ಹೇಳಲು ಬಂದಿರಲಿಲ್ಲ. ತನ್ನ ಹೆಸರು ಮಾತ್ರ ಹೇಳಿತ್ತಂತೆ.

ಈ ಕಥೆಯನ್ನು ಅಜ್ಜಿ ಎಷ್ಟು ಸಲ ಹೇಳಿದ್ದಾಳೋ. ಹೇಳುವಾಗ ಅವಳ ದನಿಯಲ್ಲಿ ದೈನ್ಯ ಇರುತ್ತಿರಲಿಲ್ಲ. ಅನ್ನಕ್ಕಾಗಿ ಜಾತಿ ಬಿಟ್ಟವರು ಎಂದು ಯಾರಾದರೂ ಕೊಂಕು ಆಡಿದರೆ, “ಹೌದು, ಅನ್ನಕ್ಕ ಬಂದೆವು. ಅನ್ನ ಕೊಟ್ಟವರನ್ನ ನೆನೀಬಾರದೇನು?” ಅನ್ನುತ್ತಿದ್ದಳು. ನನಗೆ ಅವಳ ಈ ಉತ್ತರದ ಮೇಲೆ ಬಹಳ ಗೌರವ. ಹಸಿದ ಕೂಸಿಗೆ ಅಂಬಲಿ ಕುಡಿಸುವುದು ಧರ್ಮವಲ್ಲವಾದರೆ ಇನ್ನಾವುದು ಧರ್ಮ?

ಅನ್ನದ ಜೊತೆಗೆ ಆ ಕೂಸಿಗೆ ಅಕ್ಷರವೂ ಸಿಕ್ಕಿತು. ಸಭೆಯಲ್ಲಿ ದೃಢೀಕರಣ ಆಗಬೇಕಾದರೆ ಸತ್ಯವೇದ, ಅಂದರೆ ಬೈಬಲ್, ಓದಲು ಬರಬೇಕು, ಪ್ರಶ್ನೋತ್ತರ ಬಾಯಿಪಾಠ ಆಗಿರಬೇಕು. ಇದರಲ್ಲಿ ಗಂಡು ಹೆಣ್ಣು ಎಂಬ ಭೇದ ಇರಲಿಲ್ಲ. ಹೀಗಾಗಿ ಓಣಿಯ ಗಂಡಸರೇ ಹೆಬ್ಬೆಟ್ಟು ಒತ್ತುತ್ತಿದ್ದ ಕಾಲದಲ್ಲಿ ನಮ್ಮ ಮನೆಯಲ್ಲಿ ಮೂರು ತಲೆಮಾರಿನ ಹೆಂಗಸರು ಒಬ್ಬರಾದ ಮೇಲೊಬ್ಬರು ದೀಪದ ಮುಂದೆ ಕೂತು ಓದಿದರು. ಕನ್ನಡದಲ್ಲಿ ಸತ್ಯವೇದ ಪೂರ್ತಿಯಾಗಿ ಸಿಕ್ಕಿದ್ದು 1831ರಲ್ಲಿ, ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ಶ್ರಮದಿಂದ. ಆಮೇಲೆ ಅದನ್ನು ಮತ್ತೆ ಮತ್ತೆ ತಿದ್ದಿದರು. ಅಜ್ಜಿ ಓದುತ್ತಿದ್ದುದು ಹೀಗೆ ತಿದ್ದಿದ ಆವೃತ್ತಿ, ಕರಿ ರಟ್ಟಿನದು. ಓದುವ ಕ್ರಮ ಅವಳಿಗೆ ಅವಳ ತಂದೆ ಹಾಕಿಕೊಟ್ಟದ್ದು: ದಿನಕ್ಕೆ ಮೂರು ಅಧ್ಯಾಯ, ಭಾನುವಾರ ಐದು. ಸತ್ಯವೇದದ 66 ಪುಸ್ತಕಗಳಲ್ಲಿ ಇರುವುದು 1,189 ಅಧ್ಯಾಯ. ಹೀಗೆ ಓದಿದರೆ ವರ್ಷ ಮುಗಿಯುವುದರೊಳಗೆ ಎಲ್ಲ ಮುಗಿದು ಎರಡು ಮೂರು ದಿನ ಉಳಿಯುತ್ತವೆ. ಉಳಿದ ದಿನಗಳಲ್ಲಿ ತನಗೆ ಬೇಕಾದ ಕೀರ್ತನೆಗಳನ್ನು ಓದಿಕೊಳ್ಳುತ್ತಿದ್ದಳು. ವಂಶಾವಳಿಯ ಅಧ್ಯಾಯಗಳನ್ನೂ ಬಿಡುತ್ತಿರಲಿಲ್ಲ. ಇಂಥವನು ಇಂಥವನನ್ನು ಪಡೆದನು, ಅವನು ಇಂಥವನನ್ನು ಪಡೆದನು ಎಂದು ಪುಟಗಟ್ಟಲೆ ಬರುವ ಆ ಇಬ್ರಿಯ ಹೆಸರುಗಳನ್ನು ನಾವು ಮಕ್ಕಳು ಹಾರಿಸಲು ನೋಡಿದರೆ ಕೈ ಹಿಡಿದು ನಿಲ್ಲಿಸುವಳು. “ಅವರೂ ಒಬ್ಬ ತಾಯಿ ಹೊಟ್ಟ್ಯಾಗ ಹುಟ್ಟ್ಯಾರ. ಓದು.”

ಅಜ್ಜಿಯ ಕನ್ನಡ ಒಂದೇ ಬಗೆಯದಾಗಿರಲಿಲ್ಲ. ಸಂತೆಯಲ್ಲಿ, ಅಡಿಗೆಮನೆಯಲ್ಲಿ ಅಪ್ಪಟ ಬೆಟಗೇರಿ ಮಾತು. ಓದಲು ಕೂತರೆ ಸತ್ಯವೇದದ ಗ್ರಂಥಗನ್ನಡ. ಪ್ರಾರ್ಥನೆಯಲ್ಲಿ ಎರಡೂ ಕಲೆಯುತ್ತಿದ್ದವು: “ಪರಲೋಕದಲ್ಲಿರುವ ನಮ್ಮ ತಂದೆಯೇ” ಎಂದು ಗಂಭೀರವಾಗಿ ಶುರುವಾಗಿ, ನಾಲ್ಕನೆಯ ಮಾತಿಗೆ “ಆ ಹುಡುಗಗ ಜ್ವರಾ ಇನ್ನೂ ಇಳಿದಿಲ್ಲ, ಒಂದೀಟು ನೋಡು” ಎಂಬಲ್ಲಿಗೆ ಬರುತ್ತಿತ್ತು. ಇದರ ಮೇಲೆ ಸರ್ವಜ್ಞ. ಬಾಸೆಲ್ ಮಿಷನ್ನಿನ ಪಾದ್ರಿಗಳಾಗಿದ್ದ ಉತ್ತಂಗಿ ಚನ್ನಪ್ಪನವರು ಊರೂರು ತಿರುಗಿ ಕೂಡಿಸಿದ ಸರ್ವಜ್ಞನ ವಚನಗಳು ಪುಸ್ತಕವಾಗಿ ಬಂದದ್ದು 1924ರಲ್ಲಿ, ಅಂದರೆ ಅವಳು ಹುಟ್ಟಿದ ವರ್ಷವೇ. ಆ ಪುಸ್ತಕದ ಒಂದು ಪ್ರತಿ ಅವಳ ತವರಿನಲ್ಲಿ ಸತ್ಯವೇದದ ಪಕ್ಕದಲ್ಲೇ ಇತ್ತು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಉತ್ತಂಗಿಯವರು ಅಧ್ಯಕ್ಷರಾದಾಗ ನಮ್ಮ ಸಭೆಯಲ್ಲಿ ಹಬ್ಬದ ಸಂಭ್ರಮ ಇತ್ತೆಂದು ಅಜ್ಜಿ ನೆನೆಯುತ್ತಿದ್ದಳು. ಶರಣರ ವಚನಗಳನ್ನೂ ಯೇಸುಸ್ವಾಮಿಯ ವಾಕ್ಯವನ್ನೂ ಒಂದೇ ಎದೆಯಲ್ಲಿಟ್ಟುಕೊಂಡ ಆ ಪಾದ್ರಿಗಳನ್ನು ಇಂದು ಕನ್ನಡಿಗರು ಇನ್ನಷ್ಟು ನೆನೆಯಬೇಕು ಅಂತ ನನ್ನ ಆಸೆ. ಅದು ಬೇರೆಯೇ ಒಂದು ಭಾಷಣದ ವಿಷಯ.

ಹಾಡಿನ ವಿಷಯವನ್ನು ಬಿಟ್ಟು ಹೋಗಲಾರೆ. ನಮ್ಮ ಸಭೆಯ ಹಾಡಿನ ಪುಸ್ತಕದಲ್ಲಿ ಎರಡು ಹೊಳೆಗಳಿವೆ. ಒಂದು ಜರ್ಮನ್ ಧಾಟಿಗಳದು: ಲೂಥರನ ಕಾಲದ ಕೋರಾಲ್‌ಗಳು, ನಿಧಾನ, ನೇರ, ನಾಲ್ಕು ದನಿಗಳಲ್ಲಿ ಕೂಡಿ ಹಾಡುವಂಥವು. ಇನ್ನೊಂದು ನಮ್ಮ ರಾಗಗಳಲ್ಲಿ ಕಟ್ಟಿದ ಭಜನೆಗಳದು. 1862ರಲ್ಲಿ ಕಿಟ್ಟೆಲ್ಲರು ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ ಎಂದು ಕನ್ನಡದ ಪದ್ಯದಲ್ಲಿ ಬರೆದರಲ್ಲ, ಆ ಜಾಡಿನದು. ಅಜ್ಜಿಗೆ ಎರಡೂ ಬರುತ್ತಿದ್ದವು. ಚರ್ಚಿನಲ್ಲಿ ಹೆಂಗಸರ ಸಾಲಿನಲ್ಲಿ ನಿಂತು ಆಲ್ಟೋ ಹಾಡುವಳು. ಮನೆಗೆ ಬಂದು ಜೋಳ ಹಸನು ಮಾಡುತ್ತ ಅದೇ ಹಾಡನ್ನು ಬೀಸುಕಲ್ಲಿನ ಪದದ ಧಾಟಿಗೆ ತಿರುಗಿಸಿಕೊಳ್ಳುವಳು. ಅರ್ಥ ಕೆಡದಂತೆ ಕೋರಾಲನ್ನು ಬೀಸುವ ಪದ ಮಾಡಬಲ್ಲವರನ್ನು ನಾನು ಮತ್ತೆ ಕಂಡಿಲ್ಲ. ಅವಳ ಧ್ವನಿಯನ್ನು ಯಾರೂ ಮುದ್ರಿಸಿಕೊಳ್ಳಲಿಲ್ಲ ಎನ್ನುವುದು ನನಗೆ ಈಗಲೂ ಕಾಡುವ ಕೊರಗು.

ಇನ್ನು ಅವಳ ಕೆಲಸ. ಅಜ್ಜಿ ನರ್ಸ್ ಆಗಿದ್ದಳು. ಬೆಟಗೇರಿಯ ಮಿಷನ್ ಆಸ್ಪತ್ರೆಯಲ್ಲಿ ತರಬೇತಿ ಪಡೆದು ಅಲ್ಲೇ ದುಡಿದವಳು. ಹೆರಿಗೆ ಅವಳ ಮುಖ್ಯ ಕೆಲಸ. ಬೆಟಗೇರಿ ನೇಕಾರರ ಊರು. ಹಗಲೆಲ್ಲ ಓಣಿಗಳಲ್ಲಿ ಮಗ್ಗದ ಸಪ್ಪಳ. ಮಗ್ಗದ ಕುಣಿಯ ಪಕ್ಕದಲ್ಲೇ ಅಡಿಗೆ, ಅಲ್ಲೇ ಹಾಸಿಗೆ, ಅಲ್ಲೇ ಹೆರಿಗೆ. ಆಗಿನ ಕಾಲಕ್ಕೆ ಆಸ್ಪತ್ರೆಗೆ ಬರಲು ಅಂಜುವವರೇ ಹೆಚ್ಚು. ರಾತ್ರಿ ಬಂದು ಬಾಗಿಲು ಬಡಿದು “ಬಾಯಾರ, ಬ್ಯಾನಿ ಸುರು ಆಗ್ಯಾವರಿ” ಅಂದರೆ ಸಾಕು, ಅಜ್ಜಿ ತನ್ನ ಚೀಲ ಎತ್ತಿಕೊಂಡು ಹೊರಡುವಳು. ಚೀಲದಲ್ಲಿ ಇರುತ್ತಿದ್ದುದು ಕತ್ತರಿ, ಕುದಿಸಿ ಒಣಗಿಸಿ ಕಾಗದದಲ್ಲಿ ಸುತ್ತಿಟ್ಟ ನೂಲು, ಡೆಟಾಲ್ ಬಾಟಲಿ, ಕೊಕ್ಕೆಯ ತಕ್ಕಡಿ, ಹಳೆಯ ಒಗೆದ ಧೋತರದ ತುಂಡುಗಳು. ಮೊದಲು ಕೇಳುತ್ತಿದ್ದುದು ಕುದಿವ ನೀರು. ಎರಡನೆಯದಾಗಿ, ಕೋಣೆಯಲ್ಲಿ ತುಂಬಿಕೊಂಡಿದ್ದ ಹೆಂಗಸರನ್ನು ಹೊರಗೆ ಹಾಕುವುದು. ಆಮೇಲೆ ಬಸುರಿಯ ಹಣೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥನೆ. ಅದನ್ನು ಯಾರೂ ಬೇಡ ಅನ್ನಲಿಲ್ಲ. ತಮ್ಮ ಮನೆದೇವರಿಗೆ ತುಪ್ಪದ ದೀಪ ಹಚ್ಚಿ ಬಂದ ಅತ್ತೆಯೇ “ನಿಮ್ಮ ಯೇಸಪ್ಪಗೂ ಒಂದ ಮಾತು ಹೇಳ್ರಿ ಬಾಯಾರ” ಎಂದು ಕೇಳುವಳಂತೆ. ಅಜ್ಜಿ ಬಸುರಿಯ ಹೆಸರು ಹಿಡಿದು ಬೇಡುವಳು. ಆ ಹುಡುಗಿಯರಲ್ಲಿ ಎಷ್ಟೋ ಮಂದಿಗೆ ಮದುವೆಯಾದ ಮೇಲೆ ತಮ್ಮ ಹೆಸರನ್ನು ಅಷ್ಟು ಗೌರವದಿಂದ ಯಾರ ಬಾಯಲ್ಲೂ ಕೇಳಿ ಗೊತ್ತಿರಲಿಲ್ಲ. “ಏ ಇವಳ” ಎಂದೇ ಅವರ ದಿನ ಹೋಗುತ್ತಿತ್ತು.

ಹಣ ಕೊಡಲಾಗದವರು ಖಣ ಕೊಟ್ಟರು, ಕುಬಸಕ್ಕೆಂದು. ಅಜ್ಜಿಯ ಟ್ರಂಕಿನಲ್ಲಿ ಗುಳೇದಗುಡ್ಡದ ಖಣಗಳ ರಾಶಿಯೇ ಇತ್ತು. ತಾನು ಮಾತ್ರ ಬಿಳಿ ಪೋಲ್ಕ, ತಿಳಿ ಅಂಚಿನ ಇಳಕಲ್ ಸೀರೆ. ಖಣಗಳೆಲ್ಲ ಮುಂದೆ ಯಾವುದೋ ಬಡ ಹುಡುಗಿಯ ಮದುವೆಗೆ ಹೋಗುತ್ತಿದ್ದವು.

ನೆರೆಹೊರೆಯ ಬಗ್ಗೆ ಒಂದು ಸಂಗತಿ ಹೇಳಬೇಕು. ಅಜ್ಜಿ ಮೂರ್ತಿಗೆ ನೈವೇದ್ಯ ಮಾಡಿದ್ದನ್ನು ತಿನ್ನುತ್ತಿರಲಿಲ್ಲ. ಅವಳ ನಂಬಿಕೆಯಲ್ಲಿ ಅದು ಕೂಡದು, ಅಷ್ಟೆ. ಈ ವಿಷಯದಲ್ಲಿ ಅವಳು ಸಡಿಲ ಆಗಲಿಲ್ಲ. ಇದು ಓಣಿಗೆಲ್ಲ ಗೊತ್ತಿತ್ತು. ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ, ಅದಕ್ಕೊಂದು ದಾರಿ ಹುಡುಕಿದರು. ಯುಗಾದಿಯ, ಹೋಳಿಹುಣ್ಣಿಮೆಯ ಹೋಳಿಗೆ ಬೆಂದ ಕೂಡಲೇ, ದೇವರ ಮುಂದೆ ಇಡುವ ಮೊದಲೇ, ಒಂದು ತಾಟಿನಲ್ಲಿ ಬೇರೆ ತೆಗೆದು ಮುಚ್ಚಿಡುತ್ತಿದ್ದರು. ತರುವ ಹುಡುಗಿ ಬಾಗಿಲಲ್ಲಿ ನಿಂತೇ ಕೂಗುವಳು: “ಬಾಯಾರ, ಮೊದಲಽ ತಗದಿಟ್ಟದ್ದೈತ್ರಿ.” ಕ್ರಿಸ್ಮಸ್ಸಿಗೆ ಅಜ್ಜಿಯ ಕರ್ಚಿಕಾಯಿ, ಶೇವು, ಬೇಸನ್ ಉಂಡಿ ಅದೇ ತಾಟಿನಲ್ಲಿ ತಿರುಗಿ ಹೋಗುವವು, ಮಾಂಸ ಉಣ್ಣದವರ ಮನೆಗೆ ಕಳಿಸುವ ತಿಂಡಿಗೆ ಬೇರೆ ಎಣ್ಣೆ, ಬೇರೆ ಬಾಣಲೆ. ಒಬ್ಬರ ಕಟ್ಟಳೆಯನ್ನು ಇನ್ನೊಬ್ಬರು ಕಾಯ್ದ ರೀತಿ ಅದು. ಇಂದು ನಂಬಿಕೆಯ ಹೆಸರಿನಲ್ಲಿ ಏರುದನಿಯ ಮಾತುಗಳು ಕಿವಿಗೆ ಬಿದ್ದಾಗ ನನಗೆ ಆ ಮುಚ್ಚಿದ ತಾಟು ನೆನಪಾಗಿ ಹೊಟ್ಟೆ ಸಂಕಟವಾಗುತ್ತದೆ.

ಇಷ್ಟು ಹೇಳಿದೆನೆಂದು ಅಜ್ಜಿ ಬರೀ ಮೆತ್ತಗಿನ ಹೆಂಗಸು ಅಂದುಕೊಳ್ಳಬೇಡಿ. ಬಿಗಿ ಇದ್ದಳು. ಭಾನುವಾರ ಒಲೆ ಹಚ್ಚುವುದೂ ಕಡಿಮೆ, ರೊಟ್ಟಿ ಶನಿವಾರವೇ ಬಡಿದಿಡಬೇಕು. ಸಿನಿಮಾ ಇಲ್ಲ. ಶುಭ ಶುಕ್ರವಾರ ಸಂಜೆಯವರೆಗೆ ಉಪವಾಸ, ಮಕ್ಕಳಿಗೂ ಮಧ್ಯಾಹ್ನದವರೆಗೆ. ಮಾತು ಕೊಟ್ಟು ತಪ್ಪಿದವರನ್ನು ಸುಲಭಕ್ಕೆ ಕ್ಷಮಿಸುತ್ತಿರಲಿಲ್ಲ. ಕ್ಷಮಿಸಬೇಕೆಂದು ವಾಕ್ಯ ಹೇಳುತ್ತದೆ ಅಂತ ಗೊತ್ತಿದ್ದೂ ಅವಳಿಗೆ ಅದು ಕಷ್ಟವಾಗುತ್ತಿತ್ತು.

ಆ ಕಷ್ಟ ಮನೆಯೊಳಗೇ ಬಂತು. ನಮ್ಮ ಚಿಕ್ಕಮ್ಮ, ಅಜ್ಜಿಯ ಕಿರಿಯ ಮಗಳು, ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿದ್ದಾಗ ಜೊತೆಯಲ್ಲಿ ಕೆಲಸ ಮಾಡುವ ಲಿಂಗಾಯತ ಹುಡುಗನನ್ನು ರಿಜಿಸ್ಟರ್ ಮದುವೆಯಾದಳು. ಚರ್ಚಿನಲ್ಲಿ ಆಗಲಿಲ್ಲ, ಅವರ ಮಠದಲ್ಲೂ ಆಗಲಿಲ್ಲ. ಸುದ್ದಿ ತಿಳಿದ ದಿನ ಅಜ್ಜಿ ಊಟ ಮಾಡಲಿಲ್ಲ. ಬಾಗಿಲಿಗೆ ಬಂದ ಮಗಳನ್ನು ಒಳಗೆ ಕರೆಯಲಿಲ್ಲ. ಚಿಕ್ಕಮ್ಮ ಕಟ್ಟೆಯ ಮೇಲೆ ಕೂತು ಅತ್ತು ಸಂಜೆಯ ಬಸ್ಸಿಗೆ ಹೋದಳು. ನಾನು ಆಗ ಶಾಲೆಯ ಹುಡುಗಿ. ಅಂಥ ಕಠಿಣತನ ಅಜ್ಜಿಯಲ್ಲಿ ಎಲ್ಲಿತ್ತು ಎಂದು ನನಗೆ ಅವಳ ಮೇಲೆ ತಡೆಯಲಾರದ ಸಿಟ್ಟು ಬಂದಿತ್ತು.

ಆದರೆ ಅವತ್ತು ರಾತ್ರಿ ಪ್ರಾರ್ಥನೆ ನಡೆಯಬೇಕಲ್ಲ. ಅದಕ್ಕೆ ಒಂದು ಕ್ರಮ ಇತ್ತು. ಮೊದಲು ಉಪಕಾರಸ್ತುತಿ. ಆಮೇಲೆ ಕಾಯಿಲೆಯವರು, ಹೆಸರು ಹಿಡಿದು. ಆಮೇಲೆ ಬಸುರಿ ಬಾಣಂತಿಯರು. ಆಮೇಲೆ ಆಳುವವರು: ಧಾರವಾಡ ಆಕಾಶವಾಣಿಯಿಂದ ಪ್ರದೇಶ ಸಮಾಚಾರ ಕೇಳಿದ್ದೇ ಆ ರಾತ್ರಿ ಹೊಸ ಪ್ರಧಾನಿಯ, ಹೊಸ ಮುಖ್ಯಮಂತ್ರಿಯ ಹೆಸರು ಪ್ರಾರ್ಥನೆಯಲ್ಲಿ ಇರುತ್ತಿತ್ತು, ಯಾವ ಪಕ್ಷದವರೇ ಇರಲಿ. ಕೊನೆಗೆ ತನ್ನ ಮಕ್ಕಳು, ಹಿರಿಯರಿಂದ ಕಿರಿಯರಿಗೆ. ಅವತ್ತು ಕಿರಿಯ ಮಗಳ ಸರದಿ ಬಂದಾಗ ನಾವೆಲ್ಲ ಉಸಿರು ಬಿಗಿಹಿಡಿದು ಕೂತಿದ್ದೆವು. ಅಜ್ಜಿಯ ದನಿ ನಿಂತಿತು. ಬಹಳ ಹೊತ್ತು ನಿಂತಿತು. ಆಮೇಲೆ ಅವಳ ಹೆಸರು ಹೇಳಿದಳು. ಹೆಸರು ಮಾತ್ರ, ಅದರ ಹಿಂದೆ ಮುಂದೆ ಏನೂ ಇಲ್ಲ. ಅದಾದ ಮೇಲೆ ದಿನಾಲೂ ಅಷ್ಟೇ. ಹಗಲು ಆ ಮಗಳ ವಿಷಯ ತೆಗೆದರೆ ಎದ್ದು ಹೋಗುವವಳು ರಾತ್ರಿ ಆ ಹೆಸರನ್ನು ದೇವರ ಮುಂದೆ ಇಡದೆ ಮಲಗುತ್ತಿರಲಿಲ್ಲ. ಬಾಯಿಲೆ ಅಂದರೆ ತಪ್ಪಿಸಿಕೊಳ್ಳಲು ಬರುವುದಿಲ್ಲ ಎಂದು ಅವಳು ಅಂದದ್ದರ ತೂಕ ಆಗ ನನಗೆ ತಿಳಿಯತೊಡಗಿತು.

ಹೀಗೆ ಒಂದು ಮಳೆಗಾಲ, ಒಂದು ಕ್ರಿಸ್ಮಸ್ ಹೋಯಿತು. ಈಸ್ಟರಿಗೆ ಮುಂಚಿನ ಶ್ರಮಕಾಲದ ನಲವತ್ತು ದಿನಗಳಲ್ಲಿ ಒಂದು ರಾತ್ರಿ, ಮಗಳ ಹೆಸರಿನ ಬೆನ್ನಿಗೆ ಅಳಿಯನ ಹೆಸರೂ ಬಂತು. ಅಜ್ಜಿಯ ಬಾಯಲ್ಲಿ ಆ ಹೆಸರನ್ನು ನಾವು ಕೇಳಿದ್ದು ಅದೇ ಮೊದಲು. ಯಾರೂ ಏನೂ ಅನ್ನಲಿಲ್ಲ. ಮರುದಿನ ಬೆಳಗ್ಗೆ ನಮ್ಮವ್ವ ಅಂಚೆ ಕಚೇರಿಗೆ ಹೋಗಿ ಇನ್‌ಲ್ಯಾಂಡ್ ಪತ್ರ ತಂದು ತಂಗಿಗೆ ಬರೆದಳು. ಮುಂದಿನ ವರ್ಷ ಚಿಕ್ಕಮ್ಮನಿಗೆ ದಿನ ತುಂಬಿದಾಗ ಅಜ್ಜಿ ತನ್ನ ಚೀಲ ಹಿಡಿದು ಹುಬ್ಬಳ್ಳಿ ಬಸ್ಸು ಹತ್ತಿದಳು. ನಿವೃತ್ತಿಯಾಗಿದ್ದರೂ ಆಸ್ಪತ್ರೆಯಲ್ಲಿ ಮಗಳ ಪಕ್ಕ ಬಿಟ್ಟು ಏಳಲಿಲ್ಲ. ಆ ಕೂಸಿಗೆ ಲಿಂಗಧಾರಣೆಯೂ ಆಯಿತು, ಅಜ್ಜಿಯ ಪ್ರಾರ್ಥನೆಯೂ ಆಯಿತು. ಅದಕ್ಕೆ ದೀಕ್ಷಾಸ್ನಾನ ಆಗಲಿಲ್ಲ ಎಂಬ ನೋವು ಅಜ್ಜಿಯಲ್ಲಿ ಕೊನೆಯವರೆಗೂ ಇತ್ತು. ಅದನ್ನು ಅವಳು ಮುಚ್ಚಿಡಲಿಲ್ಲ, ಅಳಿಯನಿಗೂ ನೇರವಾಗಿ ಹೇಳಿದ್ದಳು. ಅವರೂ ಕೇಳಿಸಿಕೊಂಡು ಸುಮ್ಮನಾಗುತ್ತಿದ್ದರು. ಮುಪ್ಪಿನಲ್ಲಿ ಅವಳನ್ನು ಕಣ್ಣಿನ ಆಪರೇಷನ್ನಿಗೆ ಕರೆದುಕೊಂಡು ಹೋದವರು, ಹನಿ ಹಾಕಿದವರು ಆ ಅಳಿಯನೇ.

ಸಭೆಯ ಇತಿಹಾಸದಲ್ಲಿ ಅವಳು ಕಂಡ ದೊಡ್ಡ ಬದಲಾವಣೆಗಳನ್ನು ಬೇಗ ಹೇಳಿಬಿಡುತ್ತೇನೆ. 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ನಮ್ಮ ಮುಂಬಯಿ ಕರ್ನಾಟಕದ ಬಾಸೆಲ್ ಮಿಷನ್ ಸಭೆಗಳು ಹೊರಗೇ ಉಳಿದವು. 1968ರಲ್ಲಿ ಒಳಗೆ ಸೇರಿದವು. 1970ರಲ್ಲಿ ಧಾರವಾಡ ಕೇಂದ್ರವಾಗಿ ಉತ್ತರ ಸಭಾಪ್ರಾಂತ ಆಯಿತು. ಬಿಷಪ್ಪರು ಬಂದರು, ಆರಾಧನೆಯ ಕ್ರಮ ಬದಲಾಯಿತು. ಅಜ್ಜಿ ಹೊಸ ಪುಸ್ತಕ ಕೊಂಡಳು, ಹಳೆಯ ಹಾಡು ಬಿಡಲಿಲ್ಲ.

ಸುಗ್ಗಿ ಹಬ್ಬದ ಆರಾಧನೆ ಮಾತ್ರ ಎಲ್ಲ ಬದಲಾವಣೆಗಳಲ್ಲೂ ಹಾಗೇ ಉಳಿಯಿತು. ಅವಳಿಗೆ ಬಹಳ ಪ್ರಿಯವಾದದ್ದು ಅದೇ. ಪ್ರತಿ ಮನೆಯವರೂ ತಮ್ಮ ಬೆಳೆಯಲ್ಲಿ, ಗಳಿಕೆಯಲ್ಲಿ ಮೊದಲ ಪಾಲು ತರಬೇಕು: ಜೋಳದ ತೆನೆ, ಶೇಂಗಾ, ಕುಂಬಳಕಾಯಿ, ಕೋಳಿ, ಬೆಲ್ಲ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಹೊಲ ಇಲ್ಲದ ವಿಧವೆಯೊಬ್ಬಳು ಒಂದು ಕೋಳಿಮೊಟ್ಟೆ ತಂದಿದ್ದಳು. ಅಜ್ಜಿ ಸವಾಲು ಕೂಗಿ ಅದನ್ನು ಕೊಂಡು ತಿರುಗಿ ಸಭೆಗೇ ಒಪ್ಪಿಸಿದಳು. ಮತ್ತೊಬ್ಬರು ಕೊಂಡರು, ಮತ್ತೆ ಒಪ್ಪಿಸಿದರು. ಹೀಗೆ ಆ ಒಂದು ಮೊಟ್ಟೆ ಕೈಯಿಂದ ಕೈಗೆ ಹೋಗುತ್ತ ಅವತ್ತಿನ ಕುಂಬಳಕಾಯಿಗಳೆಲ್ಲ ಸೇರಿ ತರದಷ್ಟು ಹಣ ತಂದಿತು. ಆ ವಿಧವೆಯ ಮುಖವನ್ನು ನೀವು ನೋಡಬೇಕಾಗಿತ್ತು.

ತೊಂಬತ್ತು ದಾಟಿದ ಮೇಲೆ ಅಜ್ಜಿಯ ಕಣ್ಣು ಪೂರ್ತಿ ಮಸುಕಾಯಿತು. ದಿನದ ಮೂರು ಅಧ್ಯಾಯ ಓದಿ ಹೇಳುವ ಕೆಲಸ ಮೊಮ್ಮಕ್ಕಳ, ಮರಿಮಕ್ಕಳ ಪಾಲಿಗೆ ಬಂತು. ನಾವು ಒಂದು ಪದ ತಪ್ಪಿದರೆ ಮಲಗಿದಲ್ಲಿಂದಲೇ ತಿದ್ದುವಳು. ರಾತ್ರಿಯ ಹೆಸರುಗಳು ಕಡಿಮೆಯಾಗಲಿಲ್ಲ, ಆದರೆ ಕಲಸಿಕೊಂಡವು. ಸತ್ತವರೂ ಇದ್ದವರೂ ಒಂದೇ ಸಾಲಿಗೆ ಬಂದರು. “ಅಮ್ಮ, ಅವರು ತೀರಿಕೊಂಡು ಹತ್ತು ವರ್ಷ ಆತು” ಎಂದು ನನ್ನ ತಮ್ಮ ಒಮ್ಮೆ ಹೇಳಿದ್ದಕ್ಕೆ, “ದೇವರಿಗೆ ಗೊತ್ತೈತಿ, ಎಲ್ಲಿ ಮುಟ್ಟಿಸಬೇಕೋ ಅಲ್ಲಿ ಮುಟ್ಟಸ್ತಾನ” ಅಂದಳು.

ಅವಳು ಹೋದ ಮೇಲೆ ಟ್ರಂಕು ತೆಗೆದಾಗ ಖಣಗಳ ಕೆಳಗೆ ನಾಲ್ಕು ನೋಟ್‌ಬುಕ್ಕು ಸಿಕ್ಕವು. ಆಸ್ಪತ್ರೆಯ ದಾಖಲೆ ಬೇರೆ, ಇವು ಅವಳವೇ. ಓಣಿಗಳಲ್ಲಿ, ಮನೆಗಳಲ್ಲಿ ತಾನು ಮಾಡಿಸಿದ ಹೆರಿಗೆಗಳನ್ನೆಲ್ಲ ಒಂದೊಂದು ಸಾಲಿನಲ್ಲಿ ಬರೆದಿಟ್ಟಿದ್ದಳು. ತಾರೀಖು, ಹೊತ್ತು, ಓಣಿ, ತಾಯಿಯ ಹೆಸರು, ತಂದೆಯ ಕಸಬು, ಗಂಡೋ ಹೆಣ್ಣೋ, ತೂಕ. ತೂಕ ಮೊದಮೊದಲು ಪೌಂಡಿನಲ್ಲಿ, ಅರವತ್ತರ ದಶಕ ಬಂದ ಹಾಗೆ ಕಿಲೋದಲ್ಲಿ. “ನಸುಕು ನಾಲ್ಕು. ಗಂಡು. ಐದೂವರೆ ಪೌಂಡು. ತಾಯಿ ಕ್ಷೇಮ.” “ದೀಪ ಹಚ್ಚುವ ಹೊತ್ತು. ಹೆಣ್ಣು. ಅತ್ತಿತು.” ಮುಂದೆ ಹೆಸರಿಟ್ಟದ್ದು ತಿಳಿದಾಗ ಬೇರೆ ಶಾಯಿಯಲ್ಲಿ ಆ ಹೆಸರನ್ನು ಸೇರಿಸಿದ್ದಳು. ಕೆಲವು ಸಾಲುಗಳಲ್ಲಿ “ಉಳಿಯಲಿಲ್ಲ” ಎಂದಿತ್ತು. ಅಂಥ ಸಾಲಿನ ಮುಂದೆಯೂ ಒಂದೊಂದು ಹೆಸರು. ತಂದೆತಾಯಿ ಹೆಸರಿಡುವ ಮೊದಲೇ ಹೋದ ಕೂಸುಗಳಿಗೆ ತಾನೇ ಒಂದು ಹೆಸರು ಕೊಟ್ಟಿದ್ದಾಳೆ, ಅವರವರ ಮನೆಯಲ್ಲಿ ಇಡುವಂಥದೇ ಹೆಸರು: ಬಸವ್ವ, ಫಾತಿಮಾ, ಹುಲಿಗೆವ್ವ, ಯಲ್ಲಪ್ಪ. ರಾತ್ರಿಯ ಪ್ರಾರ್ಥನೆಯಲ್ಲಿ ನಮಗೆ ಯಾರೆಂದು ಗೊತ್ತೇ ಆಗದೆ ಕೇಳಿಸುತ್ತಿದ್ದ ಎಷ್ಟೋ ಹೆಸರುಗಳು ಅಲ್ಲಿದ್ದವು. ನಮ್ಮವ್ವ ಆ ಪುಟ ಓದುತ್ತ ಓದುತ್ತ ಕನ್ನಡಕ ತೆಗೆದಿಟ್ಟಳು. ಮುಂದಿನ ಪುಟಗಳನ್ನು ನಾನು ಓದಿದೆ.

ಈ ನೋಟ್‌ಬುಕ್ಕುಗಳ ಸುದ್ದಿ ಓಣಿಯಲ್ಲಿ ಹರಡಿತು. ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯಿದೆ ಬಂದದ್ದು 1969ರಲ್ಲಿ. ಅದಕ್ಕೂ ಮೊದಲು ಮನೆಯಲ್ಲಿ ಹುಟ್ಟಿದ ನೇಕಾರರ, ಕೂಲಿಕಾರರ ಮಕ್ಕಳಲ್ಲಿ ಬಹಳ ಮಂದಿಗೆ ತಮ್ಮ ಹುಟ್ಟಿದ ದಿನ ಗೊತ್ತಿಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರರು ಜೂನ್ ಒಂದು ಎಂದು ಬರೆದುಕೊಂಡದ್ದೇ ಅವರ ಜನ್ಮದಿನ. ಈಗ ಅವರಲ್ಲಿ ಕೆಲವರು ನಮ್ಮ ಮನೆಗೆ ಬರುತ್ತಾರೆ. ಕಚೇರಿಯ ಕಾಗದಕ್ಕೆ ಇದು ನಡೆಯುವುದಿಲ್ಲ ಎಂದು ನಾವು ಮೊದಲೇ ಹೇಳುತ್ತೇವೆ. ಅದು ಅವರಿಗೂ ಗೊತ್ತು. ತಮ್ಮ ತಾಯಿಯ ಹೆಸರು, ಓಣಿಯ ಹೆಸರು ಹೇಳಿ, ಹುಡುಕಿಸಿಕೊಂಡು, ಸಾಲು ಸಿಕ್ಕರೆ ತಾವು ಹಗಲು ಹುಟ್ಟಿದ್ದೋ ರಾತ್ರಿಯೋ, ಎಷ್ಟು ತೂಕ ಇದ್ದೆವು ಎಂದು ಕೇಳಿ ತಿಳಿದುಕೊಂಡು ಹೋಗುತ್ತಾರೆ. ಕಳೆದ ತಿಂಗಳು ಬಂದ ಹಿರಿಯರೊಬ್ಬರು ತಮ್ಮ ಸಾಲನ್ನು ಎರಡು ಸಲ ಓದಿಸಿಕೊಂಡು, ಮೊಮ್ಮಗನ ಕೈಯಲ್ಲಿ ಫೋನಿನಲ್ಲಿ ಫೋಟೊ ತೆಗೆಸಿಕೊಂಡರು.

ಬೆಟಗೇರಿಯ ಓಣಿಗಳಲ್ಲಿ ಆ ಕಾಲದಲ್ಲಿ ಹುಟ್ಟಿದವರು ಯಾರಾದರೂ ಈ ಭಾಷಣ ಕೇಳುತ್ತಿದ್ದರೆ, ನರ್ಸಬಾಯಾರ ಮನೆ ಯಾವುದೆಂದು ಹಳೆಯ ಮಂದಿಯನ್ನು ಕೇಳಿ, ತೋರಿಸುತ್ತಾರೆ. ನೋಟ್‌ಬುಕ್ಕುಗಳು ನಮ್ಮವ್ವನ ಹತ್ತಿರ ಇವೆ. ಬರುವಾಗ ನಿಮ್ಮ ತಾಯಿಯ ಹೆಸರು ಸರಿಯಾಗಿ ಕೇಳಿಕೊಂಡು ಬನ್ನಿ. ಅಜ್ಜಿ ಎಲ್ಲರನ್ನೂ ತಾಯಿಯ ಹೆಸರಿನಿಂದಲೇ ಬರೆದುಕೊಂಡಿದ್ದಾಳೆ.